ಎರಡು ಲಕ್ಷ ಕಣ್ಣು

ಕಲ್ಲುಬಂಡೆ ಹಟ್ಟಿ, ಪಾಲಕೋಡ್ ತಾಲೂಕು
೧೮ ನವೆಂಬರ್ ೨೦೨೪

ಪ್ರೀತಿಯ ಭಾರ್ಗಿ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಫೋನ್ ಮಾಡಬಾರದಿತ್ತೇ ಅನ್ನುತ್ತೀಯ. ನಮ್ಮ ಮನೆಗೆ ಇರುವುದು ನಮ್ಮವರ ಒಂದೇ ಫೋನು. ಅದು ಹಬ್ಬದ ದಿನದ ಮುರುಕಿನ ತಟ್ಟೆ ಇದ್ದ ಹಾಗೆ, ಎಲ್ಲರ ಕೈಯೂ ಅದರೊಳಗೆ. ಕನ್ನಡದಲ್ಲಿ ಬರೆದ ಕಾಗದವಾದರೆ ಈ ಹಟ್ಟಿಯಲ್ಲಿ ನನ್ನನ್ನು ಬಿಟ್ಟು ಓದುವವರಿಲ್ಲ. ನಾವು ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕಾಲೇಜಿನ ದಿನಗಳಲ್ಲಿ ಪ್ರತಿ ಭಾನುವಾರ ಹಾಸ್ಟೆಲಿನಿಂದ ನಿಮ್ಮ ಮನೆಗೆ ಊಟಕ್ಕೆ ಬರುತ್ತಿದ್ದೆನಲ್ಲ, ಆಗ ನಿಮ್ಮಮ್ಮ "ಊಟ ಆಮೇಲೆ, ಮೊದಲು ಕಾಗುಣಿತ" ಎಂದು ಕೂರಿಸಿ ಕಲಿಸಿದ ಅಕ್ಷರ ಇವತ್ತು ಕೆಲಸಕ್ಕೆ ಬಂತು. ಹದಿನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಅಮ್ಮನಿಗೆ ತೋರಿಸಬೇಡ, ಬೈಸಿಕೊಳ್ಳುವ ವಯಸ್ಸಲ್ಲ ನನ್ನದು.

ವಿಷಯ ಚಿಕ್ಕದು. ಆಯುಧ ಪೂಜೆಯ ರಜೆಯಲ್ಲಿ ನೀನು ಬಂದು ಮಾಡಿಕೊಂಡು ಹೋದ ವಿಡಿಯೋ ನೋಡಿದೆವು. ನಾನು ಅಷ್ಟು ಲಕ್ಷಣವಾಗಿದ್ದೇನೆಂದು ನನಗೇ ಗೊತ್ತಿರಲಿಲ್ಲ. ನಮ್ಮವರು ನಾಲ್ಕು ಸಲ ನೋಡಿದರು, ಮದುವೆಯಾದ ಮೇಲೆ ಇಷ್ಟು ಸಲ ನನ್ನನ್ನು ತಿರುಗಿ ನೋಡಿದ್ದು ಇದೇ ಮೊದಲು. ಆದರೆ ನನ್ನ ತಲೆಯ ಮೇಲೆ ದೊಡ್ಡ ಹಳದಿ ತಮಿಳು ಅಕ್ಷರದಲ್ಲಿ "೧೧೨ ಕುರಿಗಳ ಮಹಾರಾಣಿ" ಎಂದು ಹಾಕಿದ್ದೀಯಲ್ಲ, ಆ ಸಂಖ್ಯೆಯನ್ನು ತೆಗೆಯಲು ಆಗುತ್ತದೆಯೇ?

ನಾವು ಮಂದೆಯನ್ನು ಎಣಿಸುವುದಿಲ್ಲ, ಭಾರ್ಗಿ. ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತೇವೆ. ಯಾವುದು ಬಂದಿಲ್ಲ ಎಂಬುದು ಮುಖದಿಂದಲೇ ತಿಳಿಯುತ್ತದೆ. ಯಾರಾದರೂ ಎಷ್ಟಿವೆ ಎಂದು ಕೇಳಿದರೆ "ಏನೋ ಒಸಿ ಅವೆ" ಎಂದು ಮಾತು ತೇಲಿಸುತ್ತೇವೆ. ಎಣಿಸಿ ಬಾಯಲ್ಲಿ ಹೇಳಿದರೆ ಮಂದೆಗೆ ಕಣ್ಣು ಬೀಳುತ್ತದೆ ಎಂದು ನಮ್ಮಲ್ಲಿ ನಂಬಿಕೆ. ನಿನಗೆ ಇದು ಗೊತ್ತಿಲ್ಲ, ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಅತ್ತೆಗೆ ಸ್ವಲ್ಪ ಬೇಜಾರಾಗಿದೆ. ಅಷ್ಟೇ, ಬೇರೇನೂ ಇಲ್ಲ.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿಮ್ಮ ಮನೆಯವರಿಗೂ, ಮಗಳು ಶ್ರೀನಿಧಿಗೂ.

ನಿನ್ನ
ಮುನಿಲಕ್ಷ್ಮಿ


ಸೇಲಂ
೨೫ ನವೆಂಬರ್ ೨೦೨೪

ನನ್ನ ಮುದ್ದು ಮುನೀ,

ಬೆಳಗಿನ ಫಿಲ್ಟರ್ ಕಾಫಿಯ ಹಬೆ, ಅಂಗಳದಲ್ಲಿ ಹೊಸ ರಂಗೋಲಿ, ಕೈಯಲ್ಲಿ ಗೆಳತಿಯ ಕಾಗದ! ಬದುಕು ಇಷ್ಟು ಸುಂದರವಾಗಿರಬಹುದೇ ಅನ್ನಿಸಿತು. ಈ ಕಾಲದಲ್ಲಿ ಯಾರೇ ಕಾಗದ ಬರೆಯುತ್ತಾರೆ? ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ತಪ್ಪು ಮೂರೇ ಅಂತೆ. ಪಾಸು.

ಆ ವಿಡಿಯೋ ಎಷ್ಟು ಜನ ನೋಡಿದ್ದಾರೆ ಗೊತ್ತಾ? ಎರಡು ಲಕ್ಷ ದಾಟಿದೆ! ಅಮ್ಮನ ಹೆಸರಿನ ನಮ್ಮ "ಶಾಂತಾಬಾಯಿ ಅಡುಗೆಮನೆ" ಪೇಜಿನಲ್ಲಿ ನಾಲ್ಕು ವರ್ಷದಲ್ಲಿ ಯಾವ ಸಾರಿಗೂ ಯಾವ ಹುಳಿಗೂ ಇಷ್ಟು ಜನ ಬಂದಿರಲಿಲ್ಲ. ನಿನ್ನ ನಗುವಿಗೆ ಹೃದಯದ ಗುರುತು ಹಾಕಿದವರ ಲೆಕ್ಕ ಇಡಲು ಆಗುವುದಿಲ್ಲ. ಕೆಲವು ಕಾಮೆಂಟುಗಳನ್ನು ಪ್ರಿಂಟ್ ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ, ಅತ್ತೆಗೆ ಓದಿ ಹೇಳು, ಬೇಜಾರು ಹಾರಿ ಹೋಗುತ್ತದೆ.

ಸಂಖ್ಯೆಯ ವಿಷಯ. ಒಮ್ಮೆ ಹಾಕಿದ ವಿಡಿಯೋದಲ್ಲಿ ಅಕ್ಷರ ಮಾತ್ರ ತೆಗೆಯಲು ಬರುವುದಿಲ್ಲ ಕಣೇ, ಪೂರ್ತಿ ತೆಗೆದು ಹೊಸದಾಗಿ ಹಾಕಬೇಕು. ಹಾಗೆ ಮಾಡಿದರೆ ಬಂದ ಜನವೆಲ್ಲ ಹೋಗುತ್ತಾರೆ. ಇಲ್ಲಿನ ಒಂದು ಬೆಳ್ಳಿ ಕಾಲ್ಗೆಜ್ಜೆಯ ಅಂಗಡಿಯವರು ಅದೇ ವಿಡಿಯೋ ನೋಡಿ ಒಂದು ವರ್ಷದ ಜಾಹೀರಾತಿಗೆ ಕೇಳಿದ್ದಾರೆ, ಸಹಿ ಇನ್ನೂ ಆಗಿಲ್ಲ. ಆ ಸಂಖ್ಯೆಗಾಗಿ ನಾನು ಎಷ್ಟು ಒದ್ದಾಡಿದ್ದೇನೆ ಗೊತ್ತಾ? ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ತಲೆ ಎಣಿಸಿದೆ!

ಆದರೆ ನೀನು ಬರೆದದ್ದು ಎಂಥ ಚಂದದ ಆಚಾರ! ಎಣಿಸದೆ ಮುಖ ನೋಡಿ ಒಳಗೆ ಬಿಡುವುದು! ಓದಿ ನನಗೆ ರೋಮಾಂಚನವಾಯಿತು. ಆ ದಿನವೇ ಅದರ ಮೇಲೆ ಒಂದು ಸಣ್ಣ ವಿಡಿಯೋ ಮಾಡಿ ಹಾಕಿಬಿಟ್ಟೆ. ನಿನ್ನ ಹೆಸರು ಹೇಳಿಲ್ಲ, "ಗೆಳತಿ ಬರೆದ ಕಾಗದ" ಎಂದಷ್ಟೇ ಹೇಳಿ ನಿನ್ನ ಅಕ್ಷರದ ಒಂದು ಮೂಲೆ ತೋರಿಸಿದೆ. ಜನ ಕಣ್ಣೀರು ಹಾಕಿದ್ದಾರೆ!

ನಗುತ್ತಿರು ಮುನಿ. ನಗುವೇ ಆಭರಣ.

ಪ್ರೀತಿಯಿಂದ
ಭಾರ್ಗವಿ


ಕಲ್ಲುಬಂಡೆ ಹಟ್ಟಿ
೨ ಡಿಸೆಂಬರ್ ೨೦೨೪

ಭಾರ್ಗವಿ,

ನಾನು ನಿನಗೆ ಒಬ್ಬಳಿಗೆ ಬರೆದ ಕಾಗದವನ್ನು ನೀನು ಊರಿಗೆಲ್ಲ ಓದಿದೆ. ನಮ್ಮವರ ಫೋನಿಗೂ ಅದು ಬಂತು. ಪಕ್ಕದ ಮನೆ ಕಾಳಿಯಮ್ಮ ತಾವೇ ಫೋನ್ ಕೈಗೆ ತೆಗೆದುಕೊಂಡು ನಮ್ಮ ಅತ್ತೆಯ ಎದುರಿಗೆ ಹಾಕಿದರು. ಅಕ್ಷರ ಓದಲು ಬಾರದಿದ್ದರೂ ನನ್ನ ಕಾಗದದ ಮೂಲೆಯನ್ನು ಅತ್ತೆ ಗುರುತು ಹಿಡಿದರು. ಅದು ನಮ್ಮ ಮನೆಯ ಹಳೆಯ ನೋಟುಬುಕ್ಕಿನ ಹಾಳೆ, ಕೆಂಪು ಗೆರೆ ಇತ್ತು.

ನಿನ್ನ ಕಾಗದವೂ ನಿನ್ನ ವಿಡಿಯೋದ ಹಾಗೇ ಇದೆ. ಹಬೆ ಬರುತ್ತದೆ, ಕಾಫಿ ಕಾಣುವುದಿಲ್ಲ.

ಒಂದು ಮಾತು ಹೇಳುತ್ತೇನೆ, ಇದರ ಮೇಲೆ ವಿಡಿಯೋ ಮಾಡಬೇಡ. ಜನವರಿಯ ಮಾಟುಪೊಂಗಲ್ ಹಬ್ಬದ ದಿನ ಮಂದೆ ಮುಂದಿನ ವರ್ಷ ಯಾರ ಕೈಯಲ್ಲಿ ಎಂದು ಅತ್ತೆ ಹೇಳುತ್ತಾರೆ. ಹತ್ತು ವರ್ಷದಿಂದ ಅದು ನನ್ನ ಕೈಯಲ್ಲಿ ಇದೆ. ಈ ಸಲ ಇರುತ್ತದೋ ಇಲ್ಲವೋ ತಿಳಿಯದು. ಏಕೆ, ಹೇಗೆ ಎಂದು ಬರೆಯುವುದಿಲ್ಲ.

ಮಳೆ ಬಿಟ್ಟಿಲ್ಲ. ಇಲ್ಲಿಗೆ ಮುಗಿಸುತ್ತೇನೆ.

ಮುನಿಲಕ್ಷ್ಮಿ


ಸೇಲಂ
೯ ಡಿಸೆಂಬರ್ ೨೦೨೪

ಮುನಿ,

ನಿನ್ನ ಕಾಗದ ಓದಿ ಎರಡು ದಿನ ನನಗೆ ಊಟ ಸೇರಲಿಲ್ಲ. ಇಷ್ಟು ಕಟುವಾಗಿ ಬರೆಯಬೇಕಿತ್ತೇ? ನಾನೇನು ನಿನ್ನ ಕುರಿ ಕದ್ದೆನೇ? ಚೆನ್ನಾಗಿ ತೋರಿಸಿದ್ದೇ ತಪ್ಪಾಯಿತೇ? ಒಂದು ಸಂಖ್ಯೆಗೆ ಯಾರಾದರೂ ಮಂದೆ ಕಿತ್ತುಕೊಳ್ಳುತ್ತಾರೆಯೇ? ನಿಮ್ಮ ಅತ್ತೆಗೆ ಬೇರೇನೋ ಅಸಮಾಧಾನ ಇರಬೇಕು, ಅದನ್ನು ನೀನು ನನ್ನ ತಲೆಗೆ ಕಟ್ಟುತ್ತಿದ್ದೀಯ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಹೇಳುತ್ತಿದ್ದೇನೆ.

ಕಾಫಿ ಕಾಣುವುದಿಲ್ಲ ಅಂದೆ. ಸರಿ, ಕಾಫಿಯ ಕಥೆ ಕೇಳು. ನಾಲ್ಕು ವರ್ಷದಿಂದ ನಾನು ಬಿಸಿ ಕಾಫಿ ಕುಡಿದಿಲ್ಲ. ಹಬೆ ಕಾಣಿಸುವಾಗ ವಿಡಿಯೋ, ಹಬೆ ಹೋದ ಮೇಲೆ ಕುಡಿಯುವುದು. ರಂಗೋಲಿ ಬೆಳಕಿಗೆ ಸರಿಯಾಗಿ ಬೀಳಲಿಲ್ಲವೆಂದು ಮೂರು ಸಲ ಅಳಿಸಿ ಹಾಕುತ್ತೇನೆ. ನಮ್ಮ ಯಜಮಾನರು ಆಫೀಸಿನಿಂದ ಬಂದರೆ ಮಲ್ಲಿಗೆ ಮೊಳ ಅವರ ಕೈಗೆ ಕೊಟ್ಟು, ಮತ್ತೆ ಹೊರಗೆ ಕಳಿಸಿ, ಮತ್ತೆ ಒಳಗೆ ಬರಲು ಹೇಳುತ್ತೇನೆ. ಅವರು ಹಾಗೇ ಬರುತ್ತಾರೆ. ಆಮೇಲೆ ಹೂವನ್ನು ಫ್ರಿಜ್ಜಿನಲ್ಲಿಟ್ಟು ಒಬ್ಬರೇ ಟೀವಿ ಮುಂದೆ ಕೂರುತ್ತಾರೆ. ನಿಜವಾಗಿ ಹೂವು ತಂದು ಯಾವ ಕಾಲವಾಯಿತು ಎಂದು ಇಬ್ಬರಿಗೂ ನೆನಪಿಲ್ಲ.

ಮೊನ್ನೆ ಶ್ರೀನಿಧಿ ಏನೋ ಹೇಳಿದಳು, ನಾನು ನಕ್ಕೆ. ಅವಳು ನನ್ನ ಮುಖವನ್ನೇ ದಿಟ್ಟಿಸಿ, "ಅಮ್ಮಾ, ಇದು ನಿಜ ಸಿರಿಪ್ಪಾ, ಇಲ್ಲ ವಿಡಿಯೋ ಸಿರಿಪ್ಪಾ?" ಅಂದಳು. ಹದಿಮೂರು ವರ್ಷದ ಹುಡುಗಿ. ತಮಾಷೆಗೆ ಅಂದದ್ದಲ್ಲ, ಯಾವ ನಗು ಎಂದು ತಿಳಿಯದೆ ಕೇಳಿದ್ದು.

ಇದನ್ನೆಲ್ಲ ಯಾರಿಗೂ ಹೇಳಿಲ್ಲ. ನೀನು ಚುಚ್ಚಿದ್ದಕ್ಕೆ ಹೊರಗೆ ಬಂತು. ಇಪ್ಪತ್ತಕ್ಕೆ ಅಂಗಡಿಯವರ ಸಹಿ ಆಗುತ್ತದೆ. ಅದು ಆದ ಮೇಲೆ ವಿಡಿಯೋ ತೆಗೆಯುವ ಯೋಚನೆ ಮಾಡುತ್ತೇನೆ. ಅಲ್ಲಿಯವರೆಗೆ ತಾಳಿಕೋ.

ಭಾರ್ಗವಿ


ಸೇಲಂ
೨೧ ಡಿಸೆಂಬರ್ ೨೦೨೪

ಮುನಿ,

ನಿನ್ನ ಉತ್ತರ ಬರಲಿಲ್ಲ. ಪೋಸ್ಟ್‌ಮ್ಯಾನ್ ಈಶ್ವರನ್ ನಮ್ಮ ಬೀದಿಗೆ ಬಂದರೆ ನಾನು ಗೇಟಿಗೆ ಹೋಗಿ ನಿಲ್ಲುತ್ತೇನೆ. ಅವರು "ಇನ್ನಿಕ್ಕು ಇಲ್ಲೆಮ್ಮಾ" ಎಂದು ಕೈಯಾಡಿಸಿ ಹೋಗುತ್ತಾರೆ. ಉತ್ತರ ಬರಲಿ ಎಂದು ಇದನ್ನು ಬರೆಯುತ್ತಿಲ್ಲ. ಬೇರೆ ಯಾರಿಗೂ ಹೇಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬುಧವಾರ ಬೆಳಿಗ್ಗೆ ಧನುರ್ಮಾಸದ ಹುಗ್ಗಿಯ ವಿಡಿಯೋ ಮಾಡುತ್ತಿದ್ದೆವು. ಅಮ್ಮ ನಸುಕಿಗೇ ಎದ್ದು ಸ್ನಾನ ಮಾಡಿ, ಮಡಿಯಲ್ಲಿ ಹುಗ್ಗಿ ಮಾಡಿ, ದೇವರಿಗೆ ನೈವೇದ್ಯವನ್ನೂ ಮುಗಿಸಿದ್ದಳು. ಕೊನೆಯಲ್ಲಿ ಬಿಸಿ ಹುಗ್ಗಿಯ ಮೇಲೆ ತುಪ್ಪ ಹೊಯ್ಯುವುದು ಇರುತ್ತದಲ್ಲ, ಅದು ಸರಿಯಾಗಿ ಬರಲಿಲ್ಲ. ತುಪ್ಪ ಕೆಳಗೂ ಚೆಲ್ಲಿತು. "ಇನ್ನೊಂದ್ಸಲ ಅಮ್ಮಾ" ಅಂದೆ. ಎರಡನೇ ಸಲ ಕುಕ್ಕರ್ ಕೂಗಿತು. "ಇನ್ನೊಂದೇ ಒಂದ್ಸಲ" ಅಂದೆ. ಮೂರನೇ ಸಲಕ್ಕೆ ಎದ್ದವಳು ಕೆಳಗೆ ಚೆಲ್ಲಿದ್ದ ತುಪ್ಪದ ಮೇಲೆ ಕಾಲಿಟ್ಟು ಬಿದ್ದಳು. ಎಪ್ಪತ್ತೊಂದು ವರ್ಷದ ಹೆಂಗಸು, ನೆಲದ ಮೇಲೆ, ಒಂದು ಕೈ ಮೈ ಕೆಳಗೆ ಸಿಕ್ಕಿಕೊಂಡು.

ಮುನಿ, ನಾನು ಮೊದಲು ಹೋಗಿ ಕ್ಯಾಮೆರಾ ಆರಿಸಿದೆ.

ಎರಡೇ ಸೆಕೆಂಡು. ಆರಿಸಿ, ಆಮೇಲೆ ಅಮ್ಮನ ಹತ್ತಿರ ಓಡಿದೆ. ಅವಳು ನೋವಿನಲ್ಲೂ ಅದನ್ನು ನೋಡಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಮೊದಲು ಅದನ್ನ ಆರಿಸಿ ಬಂದ್ಯಲ್ಲೇ ಭಾರ್ಗಿ" ಅಂದಳು, ಅಷ್ಟೇ. ಮಣಿಕಟ್ಟಿನ ಮೂಳೆ ಬಿರಿದಿದೆ. ಆರು ವಾರ ಕಟ್ಟು.

ನಾನು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡು ಅಮ್ಮ ಮಾತೇ ಬಿಟ್ಟಾಗ, ಅವಳನ್ನು ಅಡುಗೆಮನೆಗೆ ಎಳೆದು ತರಬೇಕೆಂದು ಶುರು ಮಾಡಿದ್ದು ಇದು. ಮೊದಲ ವಿಡಿಯೋ ನೋಡಿದವರು ಹದಿನೇಳು ಜನ, ಅದರಲ್ಲಿ ಹನ್ನೊಂದು ಜನ ನೆಂಟರು. ಅವತ್ತು ಅಮ್ಮ ಉಪ್ಪು ಹಾಕುವುದನ್ನೇ ಮರೆತು ಎಷ್ಟು ನಕ್ಕಿದ್ದಳು! ಯಾವಾಗ ಅಮ್ಮನಿಗಾಗಿ ಕ್ಯಾಮೆರಾ ಇದ್ದದ್ದು ಹೋಗಿ ಕ್ಯಾಮೆರಾಗಾಗಿ ಅಮ್ಮ ಅಂತಾಯಿತೋ ನನಗೆ ತಿಳಿಯಲಿಲ್ಲ. ಸಾಕಾಗಿದೆ ಮುನಿ. ನನ್ನ ಮುಖ ನೋಡಿದರೆ ನನಗೇ ಸಾಕಾಗುತ್ತದೆ.

ನಿನ್ನೆ ಅಂಗಡಿಯವರು ಫೋನ್ ಮಾಡಿದರು. ನಾನು ಸಹಿಗೆ ಹೋಗಲಿಲ್ಲ. ದೊಡ್ಡ ತ್ಯಾಗ ಎಂದುಕೊಳ್ಳಬೇಡ, ಆಸ್ಪತ್ರೆಯಲ್ಲಿದ್ದೆ.

ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. "ಏಕೆ, ಹೇಗೆ ಎಂದು ಬರೆಯುವುದಿಲ್ಲ" ಅಂದಿದ್ದೀಯ. ನಾನು ಅದನ್ನು ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಏನಾಯಿತು?

ಭಾರ್ಗಿ


ಕಲ್ಲುಬಂಡೆ ಹಟ್ಟಿ
೨೭ ಡಿಸೆಂಬರ್ ೨೦೨೪

ಭಾರ್ಗಿ,

ಅಮ್ಮನ ಕೈ ಹೇಗಿದೆ? ಮೊದಲು ಅದನ್ನು ಬರಿ. ನನಗೆ ಅಕ್ಷರ ತಿದ್ದಿಸಿದ ಕೈ ಅದು. ರಾತ್ರಿ ತಲೆಯ ಹತ್ತಿರ ದಿಂಬಿಟ್ಟು ಅದರ ಮೇಲೆ ಕೈ ಎತ್ತಿ ಇಡಲು ಹೇಳು, ಊತ ಇಳಿಯುತ್ತದೆ. ಕುರಿಯ ಕಾಲು ಮುರಿದಾಗ ನಾವೂ ಹಾಗೇ ಮಾಡುತ್ತೇವೆ. ಅಮ್ಮನನ್ನು ಕುರಿಗೆ ಹೋಲಿಸಿದೆ ಎಂದು ಹೇಳಬೇಡ.

ನಿನ್ನ ಹಿಂದಿನ ಕಾಗದಕ್ಕೆ ಬೇಕೆಂದೇ ಉತ್ತರ ಬರೆಯಲಿಲ್ಲ. ಸಿಟ್ಟಿತ್ತು. ಇದು ಬಂದ ದಿನ ಸಿಟ್ಟು ಹೋಯಿತು. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಮಧ್ಯೆ ಅಳಬೇಡ.

ನಿನ್ನ ವಿಡಿಯೋ ಬಂದು ಹನ್ನೆರಡನೇ ದಿನಕ್ಕೆ ಮಂದೆಗೆ ನೀಲಿ ನಾಲಿಗೆ ರೋಗ ಬಂತು. ಜ್ವರ, ಬಾಯಿಯಲ್ಲಿ ನೊರೆ, ನಾಲಿಗೆ ಊದಿ ನೀಲಿಯಾಗುವುದು, ನಾಲ್ಕು ಕಾಲೂ ಕುಂಟುವುದು. ಒಂಬತ್ತು ಸತ್ತವು. ಅದರಲ್ಲಿ ನೀನು ಎತ್ತಿಕೊಂಡು ಕೆನ್ನೆಗೆ ಒತ್ತಿಕೊಂಡಿದ್ದ ಬಿಳಿ ಹಣೆಯ ಮರಿಯೂ ಒಂದು. ನಾನು ನಿನಗೆ ಮೊದಲ ಕಾಗದ ಬರೆದ ದಿನ ನಾಲ್ಕು ಹೋಗಿದ್ದವು. "ಎಲ್ಲರೂ ಚೆನ್ನಾಗಿದ್ದೇವೆ" ಎಂದು ಬರೆದೆ. ನಿನ್ನ ಕಾಗದ ವಿಡಿಯೋದ ಹಾಗಿದೆ ಎಂದು ಅಣಕಿಸಿದವಳು ನಾನೇನು ಕಡಿಮೆ ಮಾಡಿದ್ದೇನೆ?

ನಾನು ಪ್ರಾಣಿಶಾಸ್ತ್ರ ಓದಿದವಳು, ನಿನ್ನ ಪಕ್ಕದಲ್ಲೇ ಕೂತು ಕಪ್ಪೆ ಕೊಯ್ದವಳು. ಈ ರೋಗ ನುಸಿಯಿಂದ ಬರುತ್ತದೆ ಎಂದು ನನಗೆ ಗೊತ್ತು. ಪಶುವೈದ್ಯರೂ ಬಂದು ಅದನ್ನೇ ಹೇಳಿ ಸೂಜಿ ಹಾಕಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ನುಸಿ ವರ್ಸಾ ವರ್ಸಾನೂ ಐತೆ ಡಾಕ್ಟ್ರೇ. ಈ ವರ್ಸ ಮಾತ್ರ ನಮ್ ರೊಪ್ಪಕ್ಕೇ ಯಾಕ್ ಬಂತು?" ಅಂದರು. ವೈದ್ಯರು ಏನೋ ಹೇಳಿದರು. ಅತ್ತೆಗೆ ಅದು ತಲುಪಲಿಲ್ಲ.

ವಿಡಿಯೋದಲ್ಲಿ ಸಂಖ್ಯೆ ಇದೆ ಎಂದು ಕಾಳಿಯಮ್ಮ ಓದಿ ಹೇಳಿದ ದಿನ ಅತ್ತೆ ನನ್ನನ್ನು ಕರೆದು ಕೇಳಿದರು. "ಲೇ ಮುನಿ, ಯಾರೇ ಎಣಿಸ್ದೋರು?"

"ನಾನೇ ಏಳ್ದೆ ಅತ್ತೆ. ಅವ್ಳು ಕೇಳಿದ್ಲು, ಬಾಯಿಗೆ ಬಂತು, ಏಳ್ಬಿಟ್ಟೆ" ಅಂದೆ.

ಏಕೆ ಹಾಗೆ ಹೇಳಿದೆ ಎಂದು ನೀನು ಕೇಳುತ್ತೀಯ. ವಿಡಿಯೋ ಮಾಡಲು ಬಂದ ದಿನ ನೀನು ನಮ್ಮ ಮನೆಯ ನೆಲದ ಮೇಲೆ ಕೂತು ರಾಗಿ ಮುದ್ದೆ ಉಂಡೆ. ಅತ್ತೆ ಒಳಗೆ ಬಂದು ನನ್ನ ಕಿವಿಯಲ್ಲಿ, "ಐನೋರ ಮಗಳು ನಮ್ ತಾವ ಕೂತು ಉಂಡ್ಲು ನೋಡೇ" ಎಂದು ಕಣ್ಣು ಒರೆಸಿಕೊಂಡಿದ್ದರು. ಉಂಡ ಮನೆಯ ಮಂದೆ ಎಣಿಸಿದಳು ಎಂದು ನಿನ್ನ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ.

ಅತ್ತೆ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಮಾರನೆಯ ಬೆಳಿಗ್ಗೆ ರೊಪ್ಪದ ಬಾಗಿಲಿಗೆ ಅಡ್ಡ ನಿಂತು, "ಮಂದೆ ಬಗ್ಗೆ ಜಂಬ ಪಡೋ ಕೈಗೆ ಮಂದೆ ಕೊಡಾಕಿಲ್ಲ. ಒಳಗೋಗು" ಅಂದರು. ಅವತ್ತಿನಿಂದ ನಾನು ರೊಪ್ಪದೊಳಗೆ ಕಾಲಿಟ್ಟಿಲ್ಲ. ಅರವತ್ತೆಂಟು ವರ್ಷದ ಅವರೇ ಮಂಡಿ ನೋವಿನಲ್ಲಿ ಮಂದೆ ಹೊಡೆದುಕೊಂಡು ಟೊಮೇಟೊ ಹೊಲಗಳ ಕಡೆ ಹೋಗುತ್ತಾರೆ. ನಾನು ಒಲೆಯ ಮುಂದೆ ಕೂತು ಅವುಗಳ ಸದ್ದು ಕೇಳುತ್ತೇನೆ. ಮಾಟುಪೊಂಗಲ್ ಆದ ಮೇಲೆ ನಂಗವಳ್ಳಿಯಲ್ಲಿರುವ ಮೈದುನ ಪುಟ್ಟಪ್ಪ ಬಂದು ಮಂದೆಯನ್ನು ತನ್ನೂರಿಗೆ ಹೊಡೆದುಕೊಂಡು ಹೋಗುವುದು ಎಂದು ಮಾತಾಗಿದೆ. ನೀನು ಬ್ಯಾಂಕ್ ಪರೀಕ್ಷೆ ಕಟ್ಟು ಎಂದು ಹಠ ಹಿಡಿದಾಗ ನನಗೆ ಕುರಿ ಸಾಕು ಎಂದು ಬಂದವಳು ನಾನು. ಅವು ಹೋದರೆ ನಾನು ಈ ಮನೆಯಲ್ಲಿ ಏನು ಎಂದು ನನಗೆ ತಿಳಿಯುತ್ತಿಲ್ಲ.

ಮೊನ್ನೆ ಅತ್ತೆ ಅಂಗಳದಲ್ಲಿ ಕೂತು ತಮ್ಮಷ್ಟಕ್ಕೆ ತಾವೇ ಹೇಳುತ್ತಿದ್ದರು. "ಒಬ್ಬರ ಕಣ್ಣಾಗಿದ್ರೆ ಅವರ ಕಾಲಡಿ ಮಣ್ಣು ತಂದು, ನಿವಾಳಿಸಿ, ಬೆಂಕಿಗಾಕಿ ದಿಷ್ಟಿ ತೆಗೀತಿದ್ದೆ. ಇದು ಎರಡು ಲಕ್ಷ ಜನ ಅಂತಾರೆ. ಅಷ್ಟು ಜನದ ಕಾಲಡಿ ಮಣ್ಣ ಎಲ್ಲಿಂದ ತರ್ಲಿ?" ನನಗೆ ನಗು ಬಂತು. ತಿರುಗಿ ನೋಡಿದರೆ ಅವರು ಅಳುತ್ತಿದ್ದರು. ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಇಷ್ಟೇ. ನೀನೇನೂ ಮಾಡಬೇಕಾಗಿಲ್ಲ. ಕೇಳಿದೆ, ಬರೆದೆ.

ಮುನಿ


ಸೇಲಂ
೨ ಜನವರಿ ೨೦೨೫

ಮುನಿ,

ಅಮ್ಮನ ಊತ ಇಳಿದಿದೆ. ಕುರಿಯ ಮಾತನ್ನು ಹೇಳಿಬಿಟ್ಟೆ, "ಕುರಿಗಾದರೂ ಅವಳು ಮೊದಲು ಕಾಲು ಹಿಡೀತಾಳೆ" ಅಂದಳು. ನನಗೆ ತಗುಲಬೇಕಾದ ಜಾಗಕ್ಕೇ ತಗುಲಿತು.

ನಿನ್ನ ಕಾಗದ ಬಂದ ದಿನವೇ ಎರಡೂ ವಿಡಿಯೋ ತೆಗೆದೆ. ಆದರೆ ಹುಡುಕಿ ನೋಡಿದರೆ ಬೇರೆ ಐದಾರು ಪೇಜಿನವರು ಅದನ್ನು ಕದ್ದು ಹಾಕಿಕೊಂಡಿದ್ದಾರೆ. ಒಬ್ಬ ೧೧೨ನ್ನು ೨೧೨ ಮಾಡಿದ್ದಾನೆ. ಒಬ್ಬಳು ನಿನ್ನ ಚಿತ್ರಕ್ಕೆ ಹಾಡು ಸೇರಿಸಿದ್ದಾಳೆ. ತೆಗೆಯಿರಿ ಎಂದು ಬರೆದರೆ ಒಬ್ಬರೂ ಉತ್ತರ ಕೊಡುವುದಿಲ್ಲ. ನನ್ನ ಕೈಯಿಂದ ಹೋದದ್ದು ಇನ್ನು ನನ್ನ ಕೈಗೆ ಬರುವುದಿಲ್ಲ. ನಿನ್ನಿಂದ ಇದನ್ನು ಮುಚ್ಚಿಡುವುದಿಲ್ಲ.

ಪೇಜು ಮುಚ್ಚಿದೆನೇ ಎಂದು ಕೇಳುತ್ತೀಯ. ಇನ್ನೂ ಇಲ್ಲ. ಹದಿನೈದು ದಿನದಿಂದ ಏನೂ ಹಾಕಿಲ್ಲ. ಮೊದಲ ಮೂರು ದಿನ ಜನ "ಎಲ್ಲಿದ್ದೀರಿ ಅಕ್ಕಾ" ಎಂದು ಕೇಳಿದರು, ಈಗ ಅದೂ ನಿಂತಿದೆ. ಅಷ್ಟೇ ಇತ್ತು ಎಂದು ಗೊತ್ತಾದಾಗ ಹಾಯಾಗಬೇಕಿತ್ತು, ಆಗಲಿಲ್ಲ, ಅಳು ಬಂತು. ಅದಿಲ್ಲದೆ ಬೆಳಿಗ್ಗೆ ಎದ್ದು ಏನು ಮಾಡುವುದೆಂದು ತಿಳಿಯದೆ ನಿಂತುಬಿಡುತ್ತೇನೆ. ನಿನಗೆ ರೊಪ್ಪದ ಬಾಗಿಲು ಮುಚ್ಚಿದಾಗ ಹೇಗಾಗಿರಬೇಕು ಎಂದು ಈಗ ಒಂದು ಚೂರು ಅರ್ಥವಾಗುತ್ತಿದೆ. ನನ್ನದು ನಾನೇ ಮಾಡಿಕೊಂಡದ್ದು, ನಿನ್ನದು ನಾನು ಮಾಡಿದ್ದು. ಅಷ್ಟು ವ್ಯತ್ಯಾಸ.

ಎರಡು ಲಕ್ಷ ಜನದ ಮಣ್ಣು ನನಗೂ ಸಿಗುವುದಿಲ್ಲ. ಆದರೆ ಮೊದಲು ನೋಡಿದ ಕಣ್ಣು ಯಾರದೆಂದು ನನಗೆ ಗೊತ್ತು. ಎಣಿಸಿದ ಬೆರಳೂ ನನ್ನದೇ. ಇದರ ಜೊತೆ ಅರಿಶಿನ ಹಚ್ಚಿದ ಕಾಗದದಲ್ಲಿ ಒಂದು ಪೊಟ್ಟಣ ಇದೆ. ಇವತ್ತು ಬೆಳಿಗ್ಗೆ ಹಿತ್ತಿಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬರಿಗಾಲಲ್ಲಿ ನಿಂತು ನನ್ನ ಕಾಲಡಿಯ ಮಣ್ಣನ್ನು ನಾನೇ ಕೆರೆದು ತೆಗೆದೆ. ಆ ಹಿತ್ತಿಲನ್ನು ಒಂದು ದಿನವೂ ವಿಡಿಯೋದಲ್ಲಿ ತೋರಿಸಿಲ್ಲ, ಅಷ್ಟು ಗಲೀಜು. ಯಜಮಾನರು ಬಾಗಿಲಲ್ಲಿ ನಿಂತು ನೋಡಿ ಚಮಚ ತಂದುಕೊಟ್ಟರು.

ಇದನ್ನು ಅತ್ತೆಗೆ ಕೊಡು. ಯಾರದೆಂದು ಹೇಳು. ಎಣಿಸಿದ್ದು ಭಾರ್ಗವಿ, ಮುನಿ ಸುಳ್ಳು ಹೇಳಿದಳು ಎಂದು ಹೇಳು. ನೀನು ಹೇಳದಿದ್ದರೆ ನಾನೇ ಬಸ್ಸು ಹತ್ತಿ ಬಂದು ಹೇಳುತ್ತೇನೆ. ಅವರು ಬೈದರೆ ಬೈಯಲಿ, ಇನ್ನು ಮೇಲೆ ಆ ಮನೆಯಲ್ಲಿ ಉಣ್ಣಬೇಡ ಅಂದರೂ ಸರಿ. ನಿನ್ನ ಮಂದೆ ನಿನ್ನ ಹತ್ತಿರ ಇರಬೇಕು.

ಭಾರ್ಗಿ


ಕಲ್ಲುಬಂಡೆ ಹಟ್ಟಿ
೧೦ ಜನವರಿ ೨೦೨೫

ಭಾರ್ಗಿ,

ನಿನ್ನ ಪೊಟ್ಟಣ ಮಂಗಳವಾರ ಬಂತು. ದಾರಿಯಲ್ಲಿ ಒಂದು ಮೂಲೆ ಹರಿದು ಲಕೋಟೆಯ ತುಂಬ ಮಣ್ಣಾಗಿತ್ತು. ಕೊಡುವುದೋ ಬೇಡವೋ ಎಂದು ಒಂದು ದಿನ ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದೆ. ನೀನು ಬಸ್ಸು ಹತ್ತಿ ಬಂದುಬಿಡುತ್ತೀಯ ಎಂಬ ಭಯಕ್ಕೆ ಕೊಟ್ಟೆ.

ಅತ್ತೆ ಅಂಗೈಯಲ್ಲಿ ಇಟ್ಟುಕೊಂಡು ಮೂಸಿ ನೋಡಿದರು. "ಯಾರ್ದು?" ಅಂದರು. ಹೇಳಿದೆ. ಸಂಖ್ಯೆಯ ಸುಳ್ಳನ್ನೂ ಹೇಳಿದೆ. ಪೊಟ್ಟಣವನ್ನು ಮತ್ತೆ ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಬಂದು ನನ್ನ ತಲೆಗೆ ಒಂದು ಮೊಟಕಿದರು, ಕಣ್ಣಲ್ಲಿ ನೀರು ಬರುವಷ್ಟು ಜೋರಾಗಿ. "ಎರಡು ತಿಂಗ್ಳು ನನ್ ಮಂಡಿ ಸವೆಸ್ದಲ್ಲೇ, ಬಾಯಿ ಇರ್ಲಿಲ್ವಾ ನಿಂಗೆ?" ಅಂದರು. ಅಷ್ಟು ಹೇಳಿ ನಮ್ಮವರನ್ನು ಕೂಗಿ, "ಗೋವಿಂದಾ, ಪುಟ್ಟಪ್ಪನಿಗೆ ಫೋನ್ ಮಾಡ್ಲಾ. ಅಬ್ಬಕ್ಕೆ ಬರ್ಲಿ, ಉಂಡು ಓಗ್ಲಿ. ಕುರಿ ಇಲ್ಲೇ ಇರ್ತವೆ ಅಂತ ಏಳು" ಅಂದರು.

ನಿನ್ನೆ ಬೆಳಿಗ್ಗೆ ನಾನು ರೊಪ್ಪದ ಬಾಗಿಲು ತೆಗೆದೆ. ಎರಡು ತಿಂಗಳಲ್ಲಿ ನಾನು ನೋಡದ ಹದಿಮೂ... ಇಲ್ಲ, ಬರೆಯುವುದಿಲ್ಲ. ಏನೋ ಒಸಿ ಮರಿ ಹುಟ್ಟಿವೆ. ಅವುಗಳ ಮುಖ ಇನ್ನೂ ಕಲಿಯಬೇಕು. ನಾನು ಅವುಗಳ ಮಧ್ಯೆ ಕೂತು ಮನಸಾರೆ ಅತ್ತುಬಿಟ್ಟೆ. ಸಂತೋಷಕ್ಕೇ ಅತ್ತದ್ದು, ನೀನು ಬೇರೆ ಏನೂ ಅಂದುಕೊಳ್ಳಬೇಡ.

ನಿನ್ನ ಮಣ್ಣಿನ ಗತಿ ಏನಾಯಿತು ಎಂದು ತಿಳಿಯಬೇಕಲ್ಲ. ಅದನ್ನು ಅತ್ತೆಯೇ ಹೇಳುತ್ತೇನೆ ಎಂದು ಪಕ್ಕದಲ್ಲಿ ಬಂದು ಕೂತಿದ್ದಾರೆ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಅಮ್ಮ ತಪ್ಪು ತಿದ್ದಬಾರದು.

"ಅವ್ವಾ ಭಾರ್ಗವಿ, ನಿನ್ ಮಣ್ಣು ಬಂದು ಸೇರ್ತು. ಕುರಿ ಸತ್ತಿದ್ದು ಕಣ್ಣಿಂದ್ಲೋ ನುಸಿಯಿಂದ್ಲೋ ನಂಗೆ ತಿಳೀದು. ಡಾಕ್ಟ್ರು ಒಂದು ಏಳ್ತಾರೆ, ನನ್ ಮನ್ಸು ಒಂದು ಏಳ್ತೈತೆ. ಅದಿರ್ಲಿ. ನಿನ್ನೆ ಒತ್ತಾರೆ ಆ ಮಣ್ಣು, ಉಪ್ಪು, ಮೆಣಸಿನ್ಕಾಯಿ ಇಡ್ಕೊಂಡು ಮಂದೆಗೆ ನಿವಾಳ್ಸಾಣ ಅಂತ ಓದೆ. ಕೈ ಏಳ್ಲಿಲ್ಲ. ಯೋಚ್ನೆ ಬಂತು. ನಮ್ ಕುರೀನ ಆ ಜನ ನೋಡಿದ್ದು ಒಂದೇ ಸಲ. ಅದ್ಕೇ ಇಷ್ಟಾಯ್ತು ಅಂತ ನಾನು ಊರೆಲ್ಲಾ ಗೋಳಾಡ್ದೆ. ನೀನು ನಾಕು ವರ್ಸದಿಂದ ದಿನಾ ಒತ್ತಾರೆ ಎದ್ದು ಆ ಕಣ್ಣಿನ್ ಮುಂದೆ ನಿಂತ್ಕಂತೀಯಂತೆ. ನಿಮ್ಮಮ್ಮನ್ನೂ ನಿಲ್ಲುಸ್ತೀಯಂತೆ. ನಿಂಗೆ ಯಾವತ್ತಾನ ಯಾರಾನ ದಿಷ್ಟಿ ತೆಗ್ದವ್ರಾ ಮಗಾ?

"ಯಾರೂ ತೆಗ್ದಿರಾಕಿಲ್ಲ. ಅದ್ಕೆ ಸೇಲಂ ದಿಕ್ಕಿಗೆ ತಿರುಗಿ ನಿಂತ್ಕಂಡು ಆ ಮಣ್ಣ ನಿಂಗೇ ನಿವಾಳ್ಸಿ ಬೆಂಕಿಗಾಕ್ದೆ. ಒಂದ್ ಇಡಿ ಮೆಣಸಿನ್ಕಾಯಿ ಉರೀತು, ಒಂದ್ ಚೂರೂ ಗಾಟು ಬರ್ಲಿಲ್ಲ, ಒಂದ್ ಕೆಮ್ಮೂ ಬರ್ಲಿಲ್ಲ. ಅಷ್ಟು ಕಣ್ಣಿತ್ತು ನಿನ್ ಮೇಲೆ. ಈಗ ಓಗೈತೆ. ಇನ್ನು ಒಟ್ಟೆ ತುಂಬ ಉಂಡು ಮಲ್ಕೊ."